ಗಡಿಯಾರದ ಕಾರ್ಖಾನೆ, ಉಪಗ್ರಹದ ಶೆಡ್ಡು

ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾದದ್ದು 1978ರಲ್ಲಿ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯ ನೂರಕ್ಕೂ ಹೆಚ್ಚು ಎಕರೆ ಜಾಗ ಇಸ್ರೊ ಪಾಲಾಯಿತು. ಗಡಿಯಾರದ ಸಣ್ಣ ಸಣ್ಣ ಹಲ್ಲುಚಕ್ರ ಜೋಡಿಸುತ್ತಿದ್ದ ನೆಲ ಈಗ ಬಾಹ್ಯಾಕಾಶದ ಕೆಲಸಕ್ಕೆ ಸೇರಿದೆ.

ಎರಡೂ ಸರ್ಕಾರಿ ಸಂಸ್ಥೆಗಳು. ಎರಡರ ಕೇಂದ್ರವೂ ಬೆಂಗಳೂರು. ಎರಡೂ ತಂತ್ರಜ್ಞಾನವನ್ನು ಹೊರದೇಶದಿಂದ ಕಲಿತು ನಮ್ಮದಾಗಿಸಿಕೊಂಡವು. ಎರಡರಲ್ಲೂ ದುಡಿದವರು ಹೆಚ್ಚಾಗಿ ಮಧ್ಯಮ ವರ್ಗದ, ಸಣ್ಣ ಊರುಗಳ ಹುಡುಗ ಹುಡುಗಿಯರು. ಹಾಗಿದ್ದೂ ಒಂದು ಮುಚ್ಚಿತು, ಇನ್ನೊಂದು ಬೆಳೆಯಿತು. ಇದಕ್ಕೆ ಅರ್ಥಶಾಸ್ತ್ರದ ಉತ್ತರಗಳಿವೆ. ಎಚ್‌ಎಂಟಿ ಮಾರುಕಟ್ಟೆಯಲ್ಲಿ ಹೋರಾಡಬೇಕಿತ್ತು, ಇಸ್ರೊಗೆ ಎದುರಾಳಿಯೇ ಇರಲಿಲ್ಲ. ಒಂದು ಲಾಭ ಮಾಡಬೇಕಿತ್ತು, ಇನ್ನೊಂದಕ್ಕೆ ಸರ್ಕಾರದ ಅನುದಾನವಿತ್ತು. ಈ ಉತ್ತರಗಳನ್ನು ಅಲ್ಲಗಳೆಯಲಾಗದು. ಆದರೆ ಅವುಗಳ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ. ಆ ಗೋಡೆಗಳ ಒಳಗೆ ಯಾರು ಯಾರಿಗೆ ಏನು ಹೇಳಬಹುದಿತ್ತು? ಕೆಲಸ ಕೆಟ್ಟಾಗ ಯಾರು ಎದ್ದು ನಿಲ್ಲುತ್ತಿದ್ದರು?

ನಾನು ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯವನು. ಹದಿನೈದು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದೇನೆ. 'ಟೀಮ್ ಕಲ್ಚರ್', 'ಲೀಡರ್‌ಶಿಪ್' ಎಂಬ ಪದಗಳು ಅಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತವೆ. ಅದಕ್ಕೆಂದೇ ತರಬೇತಿಗಳಿವೆ, ಗೋಡೆಯ ಮೇಲೆ ಘೋಷಣೆಗಳಿವೆ. ಕೇಳುವವರಿಗೆ ಇದೆಲ್ಲ ಮೊನ್ನೆ ಮೊನ್ನೆ ಕ್ಯಾಲಿಫೋರ್ನಿಯಾದಿಂದ ಬಂದಿಳಿದ ಸರಕು ಅನ್ನಿಸಬೇಕು. ನಮ್ಮ ತುಮಕೂರು ರಸ್ತೆಯ ಇಕ್ಕೆಲದಲ್ಲೇ ಇದರ ಒಂದು ಚರಿತ್ರೆ ಬಿದ್ದಿದೆ ಎಂಬುದು ಆ ತರಬೇತಿಗಳಲ್ಲಿ ಬರುವುದಿಲ್ಲ.

ಹಿಂದೂಸ್ತಾನ್ ಮಷೀನ್ ಟೂಲ್ಸ್ ಸ್ಥಾಪನೆಯಾದದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ತಂತ್ರಜ್ಞಾನದ ನೆರವು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯದು. ಲೇತು, ಮಿಲ್ಲಿಂಗ್ ಯಂತ್ರಗಳನ್ನು ಮಾಡುವ ಕಾರ್ಖಾನೆಗೆ ಬೇಕಾದ ಕುಶಲಕರ್ಮಿಗಳು ಆಗ ದೇಶದಲ್ಲೇ ವಿರಳ. ಹಾಗಾಗಿ ಕಂಪನಿ ಮೊದಲು ಮಾಡಬೇಕಾದ ಕೆಲಸ ಯಂತ್ರ ಮಾಡುವುದಕ್ಕಿಂತ ಮನುಷ್ಯರನ್ನು ತಯಾರು ಮಾಡುವುದಾಗಿತ್ತು. ಅಪ್ರೆಂಟಿಸ್ ತರಬೇತಿ ಕಾರ್ಖಾನೆಯ ಬೆನ್ನೆಲುಬಾಯಿತು. ಅರ ಹಿಡಿದು ಒಂದು ಕಬ್ಬಿಣದ ತುಂಡನ್ನು ಮಟ್ಟಸವಾಗಿ ಉಜ್ಜುವುದರಿಂದ ಕಲಿಕೆ ಶುರು. ಹಳಬರ ಪಕ್ಕದಲ್ಲಿ ನಿಂತು ನೋಡಿ, ತಪ್ಪು ಮಾಡಿ, ಬೈಸಿಕೊಂಡು, ಮತ್ತೆ ಮಾಡಿ ಕೈ ಪಳಗಬೇಕಿತ್ತು. 1961ರ ಹೊತ್ತಿಗೆ ಮೊದಲ ಕಾರ್ಖಾನೆಯ ಪಕ್ಕದಲ್ಲೇ ಎರಡನೆಯದು ಎದ್ದಿತು. ಆಮೇಲೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲೂ ಘಟಕಗಳಾದವು.

ಅದೇ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕೆಲಸ ಶುರುವಾಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಕೀಲಿ ಕೊಡುವ ಜನತಾ, ಪೈಲಟ್, ಆಮೇಲೆ ಬಂದ ಕಾಂಚನ್, ಇವು ಒಂದು ತಲೆಮಾರಿನ ಮನೆಮಾತುಗಳು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಾದ ಮೇಷ್ಟರಿಗೆ ಕೊಡುತ್ತಿದ್ದದ್ದು ಎಚ್‌ಎಂಟಿಯೇ. ಬೇಡಿಕೆಗೆ ತಕ್ಕಷ್ಟು ಗಡಿಯಾರ ಸಿಗುತ್ತಿರಲಿಲ್ಲ. ಆ ಬೇಡಿಕೆಯ ದಿನಗಳಲ್ಲಿಯೇ ತುಮಕೂರಿನ ಕಾರ್ಖಾನೆ ಎದ್ದದ್ದು. ಗಡಿಯಾರ ಜೋಡಿಸುವ ನಾಜೂಕು ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಬಿಳಿ ಕೋಟು ತೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಎತ್ತಿಡುತ್ತಿದ್ದ ಆ ಮಹಿಳೆಯರು ನಮ್ಮ ಜಿಲ್ಲೆಯಲ್ಲಿ ತಿಂಗಳ ಸಂಬಳ ಮನೆಗೆ ತಂದ ಮೊದಲ ತಲೆಮಾರಿನ ಹೆಂಗಸರಲ್ಲಿ ಸೇರಿದವರು. ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಕ್ವಾರ್ಟರ್ಸು, ರಾಜ್ಯೋತ್ಸವದ ನಾಟಕ, ಎಲ್ಲ ಸೇರಿ ಅದೊಂದು ಊರೇ ಆಗಿತ್ತು.

ಇಂಥ ಬಾಂಧವ್ಯವಿದ್ದ ಕಡೆ ಏನು ಕೆಟ್ಟಿತು?

ಕ್ವಾರ್ಟ್ಜ್ ಗಡಿಯಾರದ ಕಥೆಯಲ್ಲಿ ಒಂದು ಸುಳಿವಿದೆ. ಬ್ಯಾಟರಿಯಿಂದ ನಡೆಯುವ ಈ ಗಡಿಯಾರ ಕೀಲಿ ಗಡಿಯಾರವನ್ನು ಜಗತ್ತಿನಾದ್ಯಂತ ಮೂಲೆಗೆ ತಳ್ಳುತ್ತಿದ್ದ ಕಾಲ ಅದು. ಸ್ವಿಟ್ಜರ್‌ಲೆಂಡಿನ ನೂರಾರು ವರ್ಷಗಳ ಗಡಿಯಾರ ಉದ್ಯಮವೇ ತತ್ತರಿಸಿತ್ತು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಭಾರತದಲ್ಲಿ ಕ್ವಾರ್ಟ್ಜ್ ಗಡಿಯಾರವನ್ನು ಟೈಟಾನ್‌ಗಿಂತ ಮೊದಲೇ ಹೊರತಂದದ್ದು ಎಚ್‌ಎಂಟಿಯೇ. ಆದರೂ ಅದರ ಮನಸ್ಸು ಕೀಲಿ ಗಡಿಯಾರದಲ್ಲೇ ಉಳಿಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟಾನ್ ಕಟ್ಟಿದವು. ಕ್ಸೆರ್ಕ್ಸೆಸ್ ದೇಸಾಯಿ ಅದರ ಮುಖ್ಯಸ್ಥರು. ಕಾರ್ಖಾನೆ ಬಂದದ್ದು ನಮ್ಮ ಗಡಿಯಾಚೆಯ ಹೊಸೂರಿನಲ್ಲಿ. ಕಂಪನಿ ಕಟ್ಟಲು ಅವರಿಗೆ ಬೇಕಾದ ಅನುಭವಿಗಳಲ್ಲಿ ಹಲವರು ಸಿಕ್ಕಿದ್ದು ಎಚ್‌ಎಂಟಿಯಲ್ಲೇ. ಕ್ವಾರ್ಟ್ಜನ್ನೇ ನೆಚ್ಚಿಕೊಂಡ ಟೈಟಾನ್ ಹತ್ತೇ ವರ್ಷದಲ್ಲಿ ಮಾರುಕಟ್ಟೆಯನ್ನು ತನ್ನದಾಗಿಸಿಕೊಂಡಿತು.

ಅಂದರೆ ತಿಳಿವಳಿಕೆ ಎಚ್‌ಎಂಟಿಯ ಒಳಗೇ ಇತ್ತು. ಅಲ್ಲಿಂದ ಎದ್ದು ಹೋದವರ ಕೈಯಲ್ಲಿ ಅದು ಬೇರೆ ಕಡೆ ಫಲ ಕೊಟ್ಟಿತು. ಒಳಗಿದ್ದಾಗ ಏಕೆ ಕೊಡಲಿಲ್ಲ? ಕೆಳಗಿನವರ ಮಾತು ಮೇಲಕ್ಕೆ ಹೋಗಲು ಕಡತ, ಕಡತಕ್ಕೆ ಸಮಿತಿ, ಸಮಿತಿಗೆ ದೆಹಲಿಯ ಒಪ್ಪಿಗೆ. ಸಾಲುಗಟ್ಟಿ ಕೊಳ್ಳುವವರಿದ್ದಾಗ 'ನಾಳೆ ಇವರು ಬರಲಿಕ್ಕಿಲ್ಲ' ಎನ್ನುವವನ ಮಾತು ಯಾರಿಗೂ ರುಚಿಸುವುದಿಲ್ಲ. ಗೆದ್ದ ಸಂಸ್ಥೆಗೆ ಬರುವ ಕಾಯಿಲೆ ಇದು. ಸರ್ಕಾರಿ ಕಂಪನಿಗಳಿಗೆ ಮಾತ್ರ ಬರುವಂಥದ್ದಲ್ಲ. ಫಿಲ್ಮ್ ಮಾರುತ್ತಿದ್ದ ಕೊಡಕ್ ಕಂಪನಿಯಲ್ಲೇ 1975ರಲ್ಲಿ ಡಿಜಿಟಲ್ ಕ್ಯಾಮೆರಾ ಹುಟ್ಟಿತ್ತು. ಅದೇ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ಇನ್ನೊಂದು ಬಿರುಕೂ ಇತ್ತು. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಎಚ್‌ಎಎಲ್, ಬಿಇಎಲ್, ಐಟಿಐ, ಬಿಇಎಂಎಲ್, ಎಚ್‌ಎಂಟಿ ಎಲ್ಲ ಸ್ತಬ್ಧವಾದವು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಬೇಡಿಕೆ. ಅದು ಈಡೇರದೆ ಅವರು ಕೆಲಸಕ್ಕೆ ಮರಳಿದರು. ಕುಟುಂಬ ಎಂದು ಕರೆದುಕೊಳ್ಳುವ ಸಂಸ್ಥೆಯಲ್ಲಿ ಊಟದ ತಟ್ಟೆ ಸಮನಾಗಿಲ್ಲದಿದ್ದರೆ ಆ ಪದಕ್ಕೆ ಬೆಲೆ ಇರುವುದಿಲ್ಲ. ಇಂದಿಗೂ ಯಾವುದಾದರೂ ಕಂಪನಿಯ ಮ್ಯಾನೇಜರು 'ನಾವೆಲ್ಲ ಒಂದೇ ಫ್ಯಾಮಿಲಿ' ಎಂದಾಗ ನನಗೆ ಆ 77 ದಿನಗಳು ನೆನಪಾಗುತ್ತವೆ.

ಈಗ ಅದೇ ಕಾಲದ ಇನ್ನೊಂದು ಚಿತ್ರ ನೋಡೋಣ. ತುಮಕೂರು ಕಡೆಯಿಂದ ಬೆಂಗಳೂರಿಗೆ ಬರುವಾಗ ಎದುರಾಗುವ ಪೀಣ್ಯ ಕೈಗಾರಿಕಾ ಪ್ರದೇಶ. 1972ರ ಮೇ ತಿಂಗಳಲ್ಲಿ ಭಾರತಕ್ಕೂ ಸೋವಿಯತ್ ಒಕ್ಕೂಟಕ್ಕೂ ಒಂದು ಒಪ್ಪಂದವಾಯಿತು: ಉಪಗ್ರಹವನ್ನು ನಾವು ಮಾಡಬೇಕು, ಅವರ ರಾಕೆಟ್ ಅದನ್ನು ಹಾರಿಸುತ್ತದೆ. ಇದರ ಹೊಣೆ ಹೊತ್ತವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಕಟ್ಟಡವಿಲ್ಲ, ಪ್ರಯೋಗಾಲಯವಿಲ್ಲ. ಪೀಣ್ಯದ ಕೆಲವು ಶೆಡ್ಡುಗಳೇ ಉಪಗ್ರಹ ಕೇಂದ್ರವಾದವು. ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಓದು ಮುಗಿಸಿದವರು. ಹಿಂದೆ ಉಪಗ್ರಹ ಕಟ್ಟಿದ ಅನುಭವ ಅವರಿಗಿರಲಿಲ್ಲ. ಮೂರು ವರ್ಷದೊಳಗೆ, 1975ರ ಏಪ್ರಿಲ್ 19ರಂದು, 360 ಕಿಲೋ ತೂಕದ 'ಆರ್ಯಭಟ' ಕಪುಸ್ಟಿನ್ ಯಾರ್‌ನಿಂದ ಮೇಲೇರಿತು. ಬೆಂಗಳೂರಿನಲ್ಲಿ ಅದರ ಸಂಕೇತಗಳನ್ನು ಹಿಡಿಯಲು ಜಾಗ ಸಾಲದೆ ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಿದ್ದರು.

ನಾಲ್ಕೈದು ದಿನಕ್ಕೇ ಉಪಗ್ರಹದ ವಿದ್ಯುತ್ ಪೂರೈಕೆಯಲ್ಲಿ ದೋಷ ಬಂದು ವೈಜ್ಞಾನಿಕ ಪ್ರಯೋಗಗಳು ನಿಂತವು. ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಆ ತಂಡವನ್ನು ಚದುರಿಸಲಿಲ್ಲ. ಅವರೇ ಮುಂದಿನದಕ್ಕೆ ಕೈ ಹಚ್ಚಿದರು. 1979ರಲ್ಲಿ ಭಾಸ್ಕರ, 1981ರಲ್ಲಿ ಆ್ಯಪಲ್. ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿರುವ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಲೋಹದ ವಾಹನದಿಂದ ಆ್ಯಂಟೆನಾ ಪರೀಕ್ಷೆಗೆ ಅಡ್ಡಿಯಾಗದಿರಲೆಂದು ಮರದ ಗಾಡಿಯನ್ನು ಬಳಸಿದ್ದರು. ಅದನ್ನು ಬಡತನದ ಚಿತ್ರವೆಂದು ನೋಡುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು, ಸರಳ ಉಪಾಯವನ್ನು ಹೇಳಲು ನಾಚದ, ಹೇಳಿದಾಗ ನಗದ ಒಂದು ಕೆಲಸದ ಜಾಗ.

ಇಂಥ ಜಾಗ ತಾನಾಗಿ ಆಗುವುದಿಲ್ಲ. ಅದನ್ನು ಕಟ್ಟಿದವರಲ್ಲಿ ಮೊದಲಿಗರು ಸತೀಶ್ ಧವನ್. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರನ್ನು 1972ರಲ್ಲಿ ಇಂದಿರಾ ಗಾಂಧಿಯವರು ಇಸ್ರೊ ಹೊಣೆಗೆ ಕರೆದಾಗ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ಷರತ್ತು ಹಾಕಿದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಾರಾಟ. ಯೋಜನೆಯ ಮುಖ್ಯಸ್ಥರು ಎ. ಪಿ. ಜೆ. ಅಬ್ದುಲ್ ಕಲಾಂ. ಉಡಾವಣೆಗೆ ಮುನ್ನ ಕಂಪ್ಯೂಟರ್ ತಡೆ ಒಡ್ಡಿತ್ತು. ತಜ್ಞರ ಮಾತಿನ ಮೇಲೆ ಕಲಾಂ ಅದನ್ನು ಮೀರಿ ಮುಂದುವರಿದರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಧವನ್. ತಂಡದ ಮೇಲೆ ತಮಗೆ ನಂಬಿಕೆ ಇದೆ ಎಂದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಮುಂದೆ ಮಾತಾಡಲು ಧವನ್ ಕಲಾಂರನ್ನು ಕಳಿಸಿದರು. ಇದನ್ನು ಕಲಾಂ ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಈ ಕಥೆಯನ್ನು ನಾಯಕನ ದೊಡ್ಡತನದ ಕಥೆಯಾಗಿ ಹೇಳಿ ಮುಗಿಸುವುದು ವಾಡಿಕೆ. ಅದರ ಇನ್ನರ್ಧ ಬಿಟ್ಟುಹೋಗುತ್ತದೆ. ಹೊರಗೆ ಹೊಣೆ ಹೊತ್ತ ಧವನ್ ಒಳಗೆ ಏನೂ ಆಗಿಲ್ಲವೆಂದು ಸುಮ್ಮನಿರಲಿಲ್ಲ. ಸೋಲಿನ ಕಾರಣವನ್ನು ಸಮಿತಿಗಳು ಎಳೆ ಎಳೆಯಾಗಿ ಬಿಡಿಸಿದವು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಸೋರಿಕೆ ಪತ್ತೆಯಾಯಿತು. ಮನುಷ್ಯನನ್ನು ಕಾಪಾಡಿ ದೋಷವನ್ನು ಬಿಡದಿರುವುದು, ಇವೆರಡೂ ಒಟ್ಟಿಗೆ ನಡೆದವು. ಮುಂದೆ ಯು. ಆರ್. ರಾವ್ ಅಧ್ಯಕ್ಷರಾಗಿದ್ದಾಗ 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ಸಾಲಾಗಿ ಎರಡು ಸಲ ಸೋತಿತು. 1992ರಲ್ಲಿ ಗೆದ್ದಿತು. ಬೈದು ಬಾಯಿ ಮುಚ್ಚಿಸಿದ್ದರೆ ಮೂರನೆಯ ಸಲಕ್ಕೆ ಬೇಕಾದ ಸತ್ಯ ಸಿಗುತ್ತಿರಲಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ ಒಂದು ವಿಚಿತ್ರ ಕಂಡರು. ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಬಿಡಿಸಿ ನೋಡಿದರೆ, ಅಲ್ಲಿ ತಪ್ಪು ಹೆಚ್ಚಿರಲಿಲ್ಲ, ತಪ್ಪನ್ನು ಹೇಳುವ ಧೈರ್ಯ ಹೆಚ್ಚಿತ್ತು. ಪೀಣ್ಯದ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಮೊದಲೇ ಇದು ಬಳಕೆಯಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ.

ಖಾಸಗಿ ಸಾಫ್ಟ್‌ವೇರ್ ಕಂಪನಿಗಳ ಯುಗಕ್ಕೆ ಬಂದರೆ, ಇನ್ಫೊಸಿಸ್ಸನ್ನು ಬಿಟ್ಟು ಮಾತಾಡಲಾಗದು. 1981ರಲ್ಲಿ ಪುಣೆಯಲ್ಲಿ ಏಳು ಜನ ಕಟ್ಟಿದ ಕಂಪನಿ. ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ ಬಂಡವಾಳ. 1983ರಲ್ಲಿ ಬೆಂಗಳೂರಿಗೆ ಬಂತು. 1990ರಲ್ಲಿ ಕಂಪನಿಯನ್ನು ಮಾರಿಬಿಡುವ ಪ್ರಸ್ತಾಪ ಬಂದು ಸಹಸ್ಥಾಪಕರಲ್ಲಿ ಹಲವರು ಒಲವು ತೋರಿದಾಗ, ನಾರಾಯಣ ಮೂರ್ತಿಯವರು ಎಲ್ಲರ ಪಾಲನ್ನೂ ತಾವೇ ಕೊಳ್ಳುವುದಾಗಿ ಹೇಳಿದರು. ಕೊನೆಗೆ ಯಾರೂ ಮಾರಲಿಲ್ಲ. 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ಬಂತು. ನಮ್ಮ ದೇಶದಲ್ಲಿ ಅದು ಹೊಸತು. 1980ರ ಮುಷ್ಕರ ಎತ್ತಿದ್ದ ಪ್ರಶ್ನೆಗೆ, ಅಂದರೆ ದುಡಿದದ್ದರಲ್ಲಿ ನನ್ನ ಪಾಲೆಷ್ಟು ಎಂಬುದಕ್ಕೆ, ಇದೊಂದು ಬೇರೆ ಬಗೆಯ ಉತ್ತರವಾಗಿತ್ತು. ಮಧ್ಯಮ ವರ್ಗದ ಸಾವಿರಾರು ಮನೆಗಳ ಗತಿಯನ್ನೇ ಅದು ಬದಲಿಸಿತು.

ಆದರೆ ಕಟ್ಟಿದವರು ಬಿಟ್ಟುಕೊಡುವುದು ಕಟ್ಟುವುದಕ್ಕಿಂತ ಕಷ್ಟ. 2011ರಲ್ಲಿ ನಿವೃತ್ತರಾದ ಮೂರ್ತಿಯವರು 2013ರಲ್ಲಿ ಮರಳಿ ಬಂದರು. ಮುಂದೆ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥ ವಿಶಾಲ್ ಸಿಕ್ಕಾ, ಸ್ಥಾಪಕರು ಮತ್ತು ಆಡಳಿತ ಮಂಡಳಿಯ ನಡುವಿನ ಬಹಿರಂಗ ಜಟಾಪಟಿಯ ನಡುವೆ 2017ರ ಆಗಸ್ಟ್ 18ರಂದು ರಾಜೀನಾಮೆ ಕೊಟ್ಟರು. ಯಾರದು ಸರಿ ಎಂಬ ತೀರ್ಪು ನನ್ನದಲ್ಲ. ಮೌಲ್ಯಗಳನ್ನು ವ್ಯಕ್ತಿಗಳಿಂದ ಬೇರ್ಪಡಿಸಿ ಸಂಸ್ಥೆಯ ಅಭ್ಯಾಸವಾಗಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಅದು ಸಾಕ್ಷಿ. 2023ರ ಅಕ್ಟೋಬರಿನಲ್ಲಿ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎದ್ದ ಗದ್ದಲ ನೆನಪಿರಬಹುದು. ತಮ್ಮ ಕಂಪನಿಯಲ್ಲೇ ಪಾಲು ಇದ್ದವನ 70 ಗಂಟೆಗೂ, ತಿಂಗಳ ಸಂಬಳದ ಹೊಸಬನ 70 ಗಂಟೆಗೂ ವ್ಯತ್ಯಾಸವಿದೆ ಎಂಬುದು ಆ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗುಬ್ಬಿ ಕಡೆಯ ಹುಡುಗನೊಬ್ಬನಿದ್ದ. ಬಿಡುಗಡೆಗೆ ಎರಡು ದಿನ ಇರುವಾಗ ಪ್ರೋಗ್ರಾಮಿನಲ್ಲಿ ಒಂದು ದೊಡ್ಡ ದೋಷ ಅವನ ಕಣ್ಣಿಗೆ ಬಿದ್ದಿತ್ತು. ಮೀಟಿಂಗಿನಲ್ಲಿ ಕೂತಿದ್ದ, ಹೇಳಲಿಲ್ಲ. ಗ್ರಾಹಕರ ಕಡೆ ಎಲ್ಲ ಕೆಟ್ಟು ನಿಂತ ಮೇಲೆ ಕ್ಯಾಂಟೀನಿನಲ್ಲಿ ಕೇಳಿದೆ: "ಯಾಕಪ್ಪ, ಅವತ್ತೇ ಒಂದು ಮಾತು ಹೇಳಬಾರದಿತ್ತಾ?" ಅವನೆಂದ: "ಹೆಂಗೆ ಹೇಳೋದಣ್ಣ? ಇಂಗ್ಲಿಷಲ್ಲಿ ತಡವರಿಸಿದ್ರೆ ಎಲ್ಲ ನನ್ನ ಮುಖಾನೇ ನೋಡ್ತಾರೆ. ಹೋದ್ಸಲ ಬಾಯಿಬಿಟ್ಟವನ ಅಪ್ರೈಸಲ್ ಏನಾಯ್ತು ಅಂತ ನಿಮಗೂ ಗೊತ್ತಲ್ಲ." ಆ ಕಂಪನಿಯ ಗೋಡೆಯ ಮೇಲೆ 'ಮುಕ್ತವಾಗಿ ಮಾತಾಡಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು, ಇಂಗ್ಲಿಷಿನಲ್ಲಿ.

ಅವನ ಉತ್ತರದಲ್ಲಿ ಎರಡು ಭಯಗಳಿವೆ. ಒಂದು ಭಾಷೆಯದು, ಇನ್ನೊಂದು ಶಿಕ್ಷೆಯದು. ಎರಡನೆಯದರ ಬಗ್ಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳು ತುಂಬ ಮಾತಾಡುತ್ತವೆ. ಮೊದಲನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಯೋಚನೆ ಇರುತ್ತದೆ, ಅದನ್ನು ಹೇಳುವ ಹೊತ್ತಿಗೆ ಮೀಟಿಂಗ್ ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಜಾಲಹಳ್ಳಿಯಲ್ಲೂ ತುಮಕೂರಿನಲ್ಲೂ ಕಾರ್ಖಾನೆಯ ನೆಲದಲ್ಲಿ ಕನ್ನಡ ನಡೆಯುತ್ತಿತ್ತು. ಯಂತ್ರದ ಸದ್ದು ಬದಲಾಗಿದೆ ಎಂದು ಹೇಳಲು ಯಾರಿಗೂ ವ್ಯಾಕರಣ ಬೇಕಿರಲಿಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಹಗ್ಗ ಎಳೆಯಲು ಭಾಷೆ ಬೇಡ. ನಮ್ಮ ಸಾಫ್ಟ್‌ವೇರ್ ತಂಡಗಳಲ್ಲಿ ಅಂಥ ಹಗ್ಗ ಯಾವುದು? ಬರೆದು ಹೇಳುವ ಅವಕಾಶ, ಕನ್ನಡದಲ್ಲಿ ಹೇಳಿದರೂ ಕೇಳುವ ಟೀಮ್ ಲೀಡರು, ಎಲ್ಲರಿಗಿಂತ ಮೊದಲು ಹೊಸಬರಿಗೆ ಮಾತಿನ ಸರದಿ ಕೊಡುವ ಪದ್ಧತಿ, ಇವು ಖರ್ಚಿಲ್ಲದ ಹಗ್ಗಗಳು.

ನಮ್ಮ ಅಮೃತೂರು ಸೀಮೆಯಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ಅದರ ವಿಶೇಷ ಸ್ವಯಂಚಾಲಿತ ಸೈಫನ್. ಗೇಟು ಎತ್ತಲು ಯಾರೂ ಬೇಡ. ನೀರು ತುಂಬಿ ಮಟ್ಟ ಮೀರಿದೊಡನೆ ಸೈಫನ್ನಿನೊಳಗಿನ ಗಾಳಿಯನ್ನು ಹೊರಗೆಳೆದು ತಾನೇ ಧುಮ್ಮಿಕ್ಕುತ್ತದೆ. ಮಟ್ಟ ಇಳಿದಾಗ ಗಾಳಿ ಹೊಕ್ಕು ತಾನೇ ನಿಲ್ಲುತ್ತದೆ. ಮೇಲಧಿಕಾರಿಯ ಅಪ್ಪಣೆಗೆ ಕಾಯದೆ ಒತ್ತಡ ಇಳಿಸುವ ಈ ಏರ್ಪಾಡನ್ನು ಒಳ್ಳೆಯ ಸಂಸ್ಥೆಗೆ ಹೋಲಿಕೆಯಾಗಿ ನಾನು ಬಹಳ ದಿನ ಹೇಳುತ್ತಿದ್ದೆ. ಧವನ್, ರಾವ್ ಹೋದ ಮೇಲೂ ಅವರು ಹಾಕಿಕೊಟ್ಟ ಪದ್ಧತಿ ನಡೆದದ್ದು ಹೀಗೆಯೇ. ಆದರೆ 2025ರ ಅಕ್ಟೋಬರಿನಲ್ಲಿ ಅದೇ ಸೈಫನ್ನಿನ ನೀರು ಏಕಾಏಕಿ ನುಗ್ಗಿ, ಕೆಳಗೆ ನೀರಿಗಿಳಿದಿದ್ದವರನ್ನು ಕೊಚ್ಚಿಕೊಂಡು ಹೋಯಿತು. ಯಂತ್ರ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಕೆಳಗಿದ್ದವರಿಗೆ ಎಚ್ಚರಿಕೆ ಮುಟ್ಟಿರಲಿಲ್ಲ. ಕಂಪನಿಗಳಲ್ಲಿ ಒಂದು ಬೆಳಿಗ್ಗೆ ಮೇಲ್ ತೆರೆದಾಗ ಕೆಲಸ ಹೋಗಿರುವುದು ತಿಳಿಯುತ್ತದಲ್ಲ, ಅದೂ ಹೀಗೆಯೇ. ನಿಯಮದ ಪ್ರಕಾರ ಎಲ್ಲ ಸರಿಯಾಗಿರುತ್ತದೆ. ಪದ್ಧತಿ ಎಷ್ಟೇ ಚೆನ್ನಾಗಿರಲಿ, ಕೆಳಗೆ ನಿಂತವರನ್ನು ನೆನೆದು ಮೊದಲೇ ಕೂಗಿ ಹೇಳುವ ಒಬ್ಬ ಮನುಷ್ಯ ಬೇಕು.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಯಾವುದೋ ಕಂಪನಿಯ ಸಂದರ್ಶನಕ್ಕೆ ಹೋಗುತ್ತೀರಿ. ಕೊನೆಯಲ್ಲಿ ಅವರು "ನಿಮ್ಮ ಪ್ರಶ್ನೆ ಏನಾದರೂ ಇದೆಯೇ?" ಎಂದು ಕೇಳುತ್ತಾರೆ. ಸಂಬಳದ ಪ್ರಶ್ನೆ ಕೇಳಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕೇಳಿ: ಇಲ್ಲಿ ಹೋದ ಸಲ ಕೆಲಸ ಕೆಟ್ಟಾಗ ಏನಾಯಿತು? ಅದನ್ನು ಮೊದಲು ಹೇಳಿದವರು ಯಾರು, ಅವರು ಈಗ ಎಲ್ಲಿದ್ದಾರೆ? ಉತ್ತರ ಕೊಡುವವರ ಮಾತಿಗಿಂತ ಮುಖವನ್ನು ನೋಡಿ. ಸಂಸ್ಥೆಯ ಬಗ್ಗೆ ತಿಳಿಯಬೇಕಾದದ್ದರಲ್ಲಿ ಬಹುಪಾಲು ಅಲ್ಲಿ ಸಿಗುತ್ತದೆ.